ಅವ್ವನ ಮಕಮಲ್ಲು, ನನ್ನ ಮಖಮಲ್ಲು

ಕಳೆದ ವಾರ ಹೊಸ ಕನ್ನಡಕ ತರಲು ಶಿರಸಿಗೆ ಹೋಗಿದ್ದೆ. ಹಳೆಯದರ ಒಂದು ಕಾಲು ಮುರಿದು, ಅದಕ್ಕೆ ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡು ಪೇಪರ್ ಓದುತ್ತಿದ್ದೆ. ಬಂದವರೆಲ್ಲ ನಗಲಾರದೆ ನಗುತ್ತಿದ್ದರು. ಅಂಗಡಿಯ ಹುಡುಗ ಹೊಸ ಕನ್ನಡಕ ಒರೆಸಿ, ನನ್ನ ಮೂಗಿನ ಮೇಲೆ ಕೂರಿಸಿ, "ಹೆಂಗಿದೆ ಅಜ್ಜಿ?" ಎಂದ. ಹೇಗಿತ್ತೋ ನನಗೆ ನೆನಪಿಲ್ಲ. ನಾನು ನೋಡುತ್ತಿದ್ದದ್ದು ಅವನ ಕೈಯಲ್ಲಿ ಬಾಯಿ ತೆರೆದುಕೊಂಡಿದ್ದ ಡಬ್ಬಿಯನ್ನು. ಅದರ ಒಳಮೈಗೆ ನೇರಳೆ ಹಣ್ಣಿನ ಬಣ್ಣದ ಬಟ್ಟೆ ಅಂಟಿಸಿದ್ದರು. ಹೇಳದೆ ಕೇಳದೆ ಬೆರಳು ಅಲ್ಲಿಗೇ ಹೋಯಿತು. ಹೀಗೆ ಸವರಿದರೆ ಕಪ್ಪು, ಹಾಗೆ ಸವರಿದರೆ ತಿಳಿ.

"ಮಖಮಲ್ಲು," ಎಂದೆ.

"ಎಂತದು?"

"ಈ ಬಟ್ಟೆ ಮಾರಾಯಾ."

"ಅದು ವೆಲ್ವೆಟ್, ಅಜ್ಜಿ," ಎಂದು ಹುಡುಗ ಪ್ರೀತಿಯಿಂದಲೇ ತಿದ್ದಿದ.

ತಿದ್ದಿಸಿಕೊಳ್ಳುವುದು ನನಗೆ ಹೊಸದಲ್ಲ. ಆ ಒಂದು ಶಬ್ದಕ್ಕಾಗಿ ಹಿಂದೆ ಊರು ಬಿಟ್ಟವಳು ನಾನು. ಆದರೆ ಅದನ್ನು ಕನ್ನಡಕದ ಅಂಗಡಿಯಲ್ಲಿ, ಹಿಂದೆ ಮತ್ತಿಬ್ಬರು ಕಾಯುತ್ತಿರುವಾಗ ಹೇಳಲಾಗುತ್ತದೆಯೇ? ಸುಮ್ಮನೆ ಬಸ್ಸು ಹತ್ತಿ ಮನೆಗೆ ಬಂದೆ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಆಯುಷ್ಯದ ಹೆಚ್ಚಿನ ಪಾಲು ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಒಂದು ಚಾಳಿ ಉಳಿದುಬಿಡುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಒಂದು ಶಬ್ದ ಹಲ್ಲಿಗೆ ಸಿಕ್ಕರೆ, ಅದನ್ನು ಹೊರಗೆ ತೆಗೆದು ನೋಡುವ ತನಕ ಮುಂದಿನ ತುತ್ತು ಇಳಿಯುವುದಿಲ್ಲ. ನಿಘಂಟು ತೆರೆದರೆ ಮಖಮಲ್ಲಿನ ಬಗ್ಗೆ ಇಷ್ಟು ಸಿಗುತ್ತದೆ. ಅರಬ್ಬಿಯಲ್ಲಿ 'ಖಮ್ಲ್' ಎಂದರೆ ಬಟ್ಟೆಯ ಮೇಲಿನ ನವಿರು ರೋಮ. ಅಂಥ ರೋಮ ಉಳ್ಳದ್ದು ಮಖ್ಮಲ್. ಅದು ಪಾರಸಿಯವರ ಬಾಯಿಗೆ ಬಿದ್ದು, ಹಿಂದುಸ್ತಾನಿ, ಮರಾಠಿಗಳನ್ನು ಹಾದು, ನಮ್ಮಲ್ಲಿಗೆ ಬರುವಾಗ ಬಾಲಕ್ಕೊಂದು ಉಕಾರ ಹಚ್ಚಿಕೊಂಡು ಮಖಮಲ್ಲು ಆಯಿತು. ಹುಡುಗ ಹೇಳಿದ ವೆಲ್ವೆಟ್ಟಿನ ಬೇರು ಕೆದಕಿದರೂ ಲ್ಯಾಟಿನ್ನಿನ ರೋಮವೇ ಸಿಗುತ್ತದಂತೆ. ಒಬ್ಬರ ಮುಖ ಒಬ್ಬರು ಕಾಣದ ಎರಡು ಸೀಮೆಯ ಜನ ಆ ಬಟ್ಟೆ ಸವರಿ ನೋಡಿ ಒಂದೇ ಮಾತು ಆಡಿದ್ದಾರೆ. ಇಬ್ಬರಿಗೂ ಎಳೆಗರುವಿನ ಕಿವಿ ನೆನಪಾಗಿರಬೇಕು.

ನನ್ನ ಅವ್ವನ ನಿಘಂಟು ಬೇರೆ. ಅವಳಿಗೆ ಓದು ಬರಹ ಇರಲಿಲ್ಲ, ಅಭಿಪ್ರಾಯಗಳಿಗೆ ಮಾತ್ರ ಏನೂ ಕೊರತೆ ಇರಲಿಲ್ಲ. ನಮ್ಮ ಕಡೆ ಮುಖಕ್ಕೆ ಮಕ ಎನ್ನುತ್ತಾರೆ. ತೆಳುವಾದ ಮೆತ್ತನೆ ಅರಿವೆಗೆ ಮಲ್ಲು ಎನ್ನುವುದು ನಿಮಗೂ ಗೊತ್ತು. ಅವ್ವ ಎರಡನ್ನೂ ಕೂಡಿಸಿ ಬಗೆಹರಿಸಿಬಿಟ್ಟಿದ್ದಳು. "ಮಕಕ್ಕೆ ಹಚ್ಚಿ ನೋಡೂ ಮಲ್ಲು. ಅದ್ಕೇ ಮಕಮಲ್ಲು."

ಟ್ರೇನಿಂಗ್ ಮುಗಿಸಿ ಬಂದ ಹೊಸತರಲ್ಲಿ, ತಲೆಯ ತುಂಬ ವ್ಯಾಕರಣ ಹೊತ್ತುಕೊಂಡಿದ್ದ ನಾನು ಅವಳನ್ನು ತಿದ್ದಹೋದೆ. "ಅವ್ವಾ, ಅದು ಮಕ ಅಲ್ಲ, ಮಖ. ಅರಬ್ಬಿ ಮಾತು."

ಅವ್ವ ಭತ್ತ ಕುಟ್ಟುವುದನ್ನು ನಿಲ್ಲಿಸದೆ ಕೇಳಿದಳು, "ಅರಬ್ಬಿಯವ್ರಿಗೆ ಮಕ ಇಲ್ಲನ?"



ನಮ್ಮದು ಸಿದ್ದಾಪುರ ತಾಲೂಕಿನ ಒಂದು ಸಣ್ಣ ಊರು. ಗೇಣಿ ಒಕ್ಕಲು. ಉಳುವ ಗದ್ದೆ, ಕಟ್ಟಿಕೊಂಡ ಬಿಡಾರ, ಬಿಡಾರದ ಮುಂದಿನ ಹಲಸಿನ ಮರ, ಎಲ್ಲವೂ ಮೇಲಿನಮನೆ ಒಡೆಯರದ್ದು. ಅವ್ವ ಮದುವೆಯಾಗಿ ಬಂದ ಹೊಸತು, ನಾನಿನ್ನೂ ಹುಟ್ಟಿರಲಿಲ್ಲ. ಬಿಸಿಲು ಕಾಲದಲ್ಲಿ ಒಂದು ದಿನ ಮೇಲಿನಮನೆಯ ಪೆಟ್ಟಿಗೆಗಳನ್ನು ತೆಗೆದು ಅರಿವೆಗಳನ್ನೆಲ್ಲ ಅಂಗಳದಲ್ಲಿ ಒಣಹಾಕಿದ್ದರು. ಅವ್ವ ಅಂಗಳದ ಆಚೆ ತುದಿಯಲ್ಲಿ ಸೌದೆ ಒಟ್ಟುತ್ತಿದ್ದಳು. ಚಾಪೆಯ ಮೇಲೆ ಹರವಿದ್ದ ಒಂದು ಪೋಲಕ ಬಿಸಿಲಿಗೆ ಕೆಂಡದ ಹಾಗೆ ಹೊಳೆಯುತ್ತಿತ್ತಂತೆ. ಪೋಲಕ ಅಂದರೆ ರವಿಕೆ, ನಮ್ಮ ಕಡೆಯ ಮಾತು. ಅವ್ವ ಅಂಥ ಬಟ್ಟೆಯನ್ನು ಅದೇ ಮೊದಲು ನೋಡಿದ್ದು. ಯಾರೂ ಇಲ್ಲವೆಂದು ಹತ್ತಿರ ಹೋದಳು, ಬಗ್ಗಿದಳು. ಕೈ ತುಂಬ ಸೌದೆಯ ಧೂಳು. ಅದಕ್ಕೇ ಕೈ ಮುಟ್ಟಿಸದೆ, ತೊಳೆದ ಕೆನ್ನೆಯನ್ನು ಅದರ ಮೇಲೆ ಇಟ್ಟಳು.

"ಎಂತದೇ ಅದು! ಮಕ ಒರಸ್ತ್ಯನೆ?"

ಒಡತಿ ಜಗುಲಿಯ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಅವರು ಏನೇನು ಅಂದರೋ ಅವ್ವ ಯಾವತ್ತೂ ಹೇಳಲಿಲ್ಲ. ಬೈಗುಳ ಮುಗಿದ ಮೇಲೆ ತಾಮ್ರದ ತಂಬಿಗೆ ತಂದು ಪೋಲಕದ ಮೇಲೆ ನೀರು ಚಿಮುಕಿಸಿದರಂತೆ, ಶುದ್ಧ ಆಗಲಿ ಎಂದು. ನೀರು ಬಿದ್ದಲ್ಲೆಲ್ಲ ರೋಮ ಮುದುಡಿ, ಒಣಗಿದ ಮೇಲೆ ಕಲೆ ನಿಂತಿತು. ಮಖಮಲ್ಲಿಗೆ ನೀರು ಆಗುವುದಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೋ, ಶುದ್ಧದ ಅವಸರದಲ್ಲಿ ಮರೆತರೋ.

"ನನ್ನ ಮಕದಿಂದ ಎಂತ ಆಗಿರ್ಲಿಲ್ಲ," ಎಂದು ಅವ್ವ ಈ ಕಥೆಯನ್ನು ಮುಗಿಸುತ್ತಿದ್ದಳು. "ಹಾಳಾಗಿದ್ದು ಅವ್ರ ನೀರಿಂದ."

ಹೇಳುವಾಗ ಅವಳು ನಗುತ್ತಿದ್ದಳು. ಸಣ್ಣವಳಿದ್ದಾಗ ನಾನೂ ನಗುತ್ತಿದ್ದೆ. ಮೈ ನೆರೆದು ಬುದ್ಧಿ ಬಂದ ಮೇಲೆ ಒಂದು ದಿನ ಆ ಕಥೆ ಕೇಳುತ್ತ ಕೇಳುತ್ತ ನನಗೆ ನಗು ಬರಲಿಲ್ಲ. ಆ ದಿನ ಅವ್ವನೂ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಎಂದು ಅಪ್ಪನಿಗೆ ಹೆಮ್ಮೆಯೂ ಹೆದರಿಕೆಯೂ ಸಮಸಮ. ಒಂದೆರಡು ವರ್ಷ ಗದ್ದೆ ಕೆಲಸ ಮಾಡಿಕೊಂಡಿದ್ದು, ಆಮೇಲೆ ಟ್ರೇನಿಂಗಿಗೆ ಹೋದೆ. ಅಲ್ಲಿ ನಮಗೆ ಕನ್ನಡ ಹೇಳುತ್ತಿದ್ದ ಗುರುಗಳಿಗೆ ಒಂದು ಗೀಳು. ದಿನಕ್ಕೊಬ್ಬರನ್ನು ಎಬ್ಬಿಸಿ, ಬೆಳಿಗ್ಗೆಯಿಂದ ಆಡಿದ ಮಾತಿನಲ್ಲಿ ಎಷ್ಟು ಶಬ್ದ ಎಲ್ಲೆಲ್ಲಿಂದ ಬಂದವು ಎಂದು ಹೇಳಿಸುತ್ತಿದ್ದರು. ಬಾಲ್ದಿ ಪೋರ್ತುಗೀಜರದ್ದು, ಸಾಬೂನು ಅವರದ್ದೇ, ಕುರ್ಚಿ ಅರಬ್ಬಿಯದ್ದು, ಚಹಾ ಚೀನದ್ದು. ಆ ಆಟ ನನಗೆ ಬಹಳ ಹಿಡಿಸಿತು. ಇಡೀ ಲೋಕವೇ ನಮ್ಮ ಬಾಯಲ್ಲಿ ಬಿಡಾರ ಹೂಡಿದೆ, ಯಾರೂ ಗೇಣಿ ಕೇಳುತ್ತಿಲ್ಲ ಎಂದು ಖುಷಿಯಾಗುತ್ತಿತ್ತು.

ನೌಕರಿ ನಮ್ಮೂರಿನ ಶಾಲೆಗೇ ಸಿಕ್ಕಿತು. ಸರಿಯಾದ ರಸ್ತೆಯಿಲ್ಲದ ಆ ಊರಿಗೆ ಬಂದ ಮಾಸ್ತರರು ಯಾರೂ ನಿಲ್ಲುತ್ತಿರಲಿಲ್ಲ. ಒಂದೇ ಕೋಣೆ, ನಾಲ್ಕು ಇಯತ್ತೆ, ನಾನೊಬ್ಬಳೇ ಅಕ್ಕೋರು. ನಮ್ಮಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಶಾಲಾ ಕಮಿಟಿಯ ಅಧ್ಯಕ್ಷರು ಮೇಲಿನಮನೆ ಒಡೆಯರು, ಅವ್ವನನ್ನು ಬೈದ ಒಡತಿಯ ಮಗ. ಅವರು ನನ್ನನ್ನು ಅಕ್ಕೋರು ಎಂದು ಕರೆಯದೆ ಇರಲು ಪಟ್ಟ ಕಷ್ಟ ನೋಡಬೇಕಿತ್ತು. "ಏಯ್" ಎನ್ನುವ ಹಾಗಿಲ್ಲ, ಸರಕಾರದ ನೌಕರಿ. "ಅಕ್ಕೋರೇ" ಎನ್ನಲು ನಾಲಗೆ ಬಾರದು. ಕೊನೆಗೆ ಕೆಮ್ಮಿ ಕರೆಯುವುದನ್ನು ಕಲಿತರು.

ನನ್ನ ನೌಕರಿಯ ಸುದ್ದಿ ಬಂದ ದಿನದಿಂದ ಅವ್ವನ ಕೋಳಿಗೂಡು ಬರಿದಾಗತೊಡಗಿತು. ಹುಂಜ ಹೋಯಿತು, ಹೇಟೆಗಳು ಹೋದವು. "ಕಾಡುಬೆಕ್ಕು," ಎಂದು ಅವ್ವ ಕಣ್ಣು ಮಿಟುಕಿಸದೆ ಹೇಳಿದಳು. ಶಾಲೆ ಶುರುವಾಗುವ ಮೊದಲು, ಸೈಕಲ್ಲಿಗೆ ಜವಳಿ ಗಂಟು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಹಸನ್ ಸಾಬರು ನಮ್ಮ ಮನೆಯ ಮುಂದೆ ಇಳಿದು ಕಾಗದದ ಪೊಟ್ಟಣವೊಂದನ್ನು ಅವ್ವನ ಕೈಗೆ ಕೊಟ್ಟರು. ಒಳಗೆ ನೇರಳೆ ಬಣ್ಣದ, ಉದ್ದ ತೋಳಿನ ಮಖಮಲ್ಲಿನ ಪೋಲಕ. ಶಿರಸಿಯ ದರ್ಜಿಯಿಂದ ಹೊಲಿಸಿ ತಂದದ್ದು. ಅಳತೆಗೆ ನನ್ನ ಹಳೆಯ ಪೋಲಕ ಹೋಗಿತ್ತಂತೆ. ಅದನ್ನೂ ಕಾಡುಬೆಕ್ಕೇ ಒಯ್ದಿದೆ ಎಂದು ನಾನು ನಂಬಿದ್ದೆ.

ಅವ್ವ ಅದನ್ನು ಬಿಡಿಸಿ, ಮೊದಲು ತನ್ನ ಕೆನ್ನೆಗೆ ಹಚ್ಚಿಕೊಂಡಳು. ಆ ಕೆನ್ನೆ, ಈ ಕೆನ್ನೆ. ಯಾರ ಅವಸರವೂ ಇಲ್ಲದೆ. ಆಮೇಲೆ ನನಗೆ ಕೊಟ್ಟಳು. "ಶಾಲೆಗೆ ಇದ್ನೇ ಹಾಕ್ಕಂಡು ಹೋಗು."

ಮಖಮಲ್ಲನ್ನು ಹೊಗಳಿ ಬರೆಯುವವರು ಅದನ್ನು ತೊಟ್ಟು ಬೇಸಗೆಯಲ್ಲಿ ನಾಲ್ಕು ಇಯತ್ತೆಗೆ ಪಾಠ ಹೇಳಿದವರಲ್ಲ. ಅದು ಸೆಕೆಯ ಗೂಡು. ಅದಕ್ಕಿಂತ ಕಷ್ಟ ಸೀಮೆಸುಣ್ಣದ್ದು. ಬೋರ್ಡು ಒರೆಸಿ ತಿರುಗುವುದರೊಳಗೆ ಪುಡಿಯೆಲ್ಲ ನನ್ನ ಮೇಲೆ ಇಳಿದು, ಮಧ್ಯಾಹ್ನದ ಹೊತ್ತಿಗೆ ನಾನು ಬೂದಿ ಬಳಿದ ಬೈರಾಗಿಯ ಹಾಗೆ ಕಾಣುತ್ತಿದ್ದೆ. ಆದರೂ ಹಾಕಿದೆ. ನಿಜ ಹೇಳಬೇಕೆಂದರೆ, ಅವ್ವನಿಗಾಗಿ ಎನ್ನುವುದು ನೆಪ. ಅದನ್ನು ಹಾಕಿಕೊಂಡ ದಿನ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮಕ್ಕಳಿಗಂತೂ ಅಕ್ಕೋರಿಗಿಂತ ಅಕ್ಕೋರ ಪೋಲಕವೇ ದೊಡ್ಡ ಪಾಠ. ಸವರಿದರೆ ಬಣ್ಣ ಬದಲಾಗುವುದನ್ನು ಒಬ್ಬಳು ಕಂಡುಹಿಡಿದಳು. ಬೆರಳಿನಿಂದ ಬರೆದರೆ ಅಕ್ಷರ ಮೂಡುತ್ತದೆ ಎಂದು ಇನ್ನೊಬ್ಬ. ಆ ವಾರ ನಾನು ಖ ಕಲಿಸುತ್ತಿದ್ದೆ. ಪುಸ್ತಕದಲ್ಲಿ ಖ ಎಂದರೆ ಖಡ್ಗ. ನಮ್ಮ ಮಕ್ಕಳು ಕತ್ತಿ ನೋಡಿದ್ದಾರೆ, ಕುಡುಗೋಲು ನೋಡಿದ್ದಾರೆ, ಖಡ್ಗ ಎಲ್ಲಿ ನೋಡಬೇಕು? ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಮಖಮಲ್ಲು ಎಂದು ಬರೆದೆ. ಒಬ್ಬೊಬ್ಬರನ್ನೇ ಕರೆದು ನನ್ನ ತೋಳಿನ ಮೇಲೆ ಬೆರಳಿನಿಂದ ಖ ಬರೆಸಿದೆ. ಆ ಅಕ್ಷರವನ್ನು ಅಷ್ಟು ಬೇಗ ಕಲಿತ ಮಕ್ಕಳನ್ನು ನಾನು ಮತ್ತೆ ನೋಡಲಿಲ್ಲ.

ಸಾಲಿನಲ್ಲಿ ಒಡೆಯರ ಕಿರಿಯ ಮಗನೂ ಇದ್ದ. ಎಂಟು ವರ್ಷದ ಚುರುಕು ಮಾಣಿ. ಅವನ ಸರದಿ ಬಂದಾಗ ನಾನು ಒಂದು ಕ್ಷಣ ತಡೆದದ್ದು ಹೌದು. ಅವನು ತಡೆಯಲಿಲ್ಲ. ನಾಲಗೆ ಹೊರಗೆ ಹಾಕಿ ಶ್ರದ್ಧೆಯಿಂದ ಖ ಬರೆದ. ಮನೆಗೆ ಹೋಗಿ, ಅಕ್ಕೋರ ಪೋಲಕದ ಮೇಲೆ ಖ ಬರೆದೆ ಎಂದು ಹೇಳಿದ. ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಯ ಮೇಲಿಂದ ನೀರು ಸುರಿದರಂತೆ. ಮರುದಿನ ಶಾಲೆಗೆ ಬಂದವನು ಮೂಗು ಸೀಟುತ್ತ, "ಅಕ್ಕೋರೇ, ಖ ಬರದ್ರೆ ಮೀಯವಡ," ಎಂದು ಎಲ್ಲರ ಮುಂದೆ ಹೇಳಿದ, ಮೀಯಬೇಕಂತೆ ಎಂದು. ಮಕ್ಕಳು ನಕ್ಕರು. ನಾನು ಬೋರ್ಡಿನ ಮೇಲಿದ್ದ ಶಬ್ದವನ್ನು ಅಳಿಸದೆ ಹಾಗೇ ಬಿಟ್ಟೆ.

ಅದೇ ವಾರ ಶಾಲಾ ಇನ್ಸ್‌ಪೆಕ್ಟರು ಬಂದರು. ಹಾವೇರಿ ಕಡೆಯ ಹಿರಿಯರು. ಜೊತೆಗೆ ಒಡೆಯರು, ಕೋಟು, ರುಮಾಲು ಸಮೇತ. ಶಾಲೆಯಲ್ಲಿದ್ದದ್ದು ಎರಡು ಕುರ್ಚಿ. ಇಬ್ಬರೂ ಕೂತರು, ನಾನು ನಿಂತೆ. ಮಕ್ಕಳು ಮಗ್ಗಿ ಹೇಳಿದರು, ಪದ್ಯ ಹೇಳಿದರು. ಇನ್ಸ್‌ಪೆಕ್ಟರು, "ಛಲೋ ಐತ್ರಿ ಅಕ್ಕಾರ," ಎಂದು ಏಳುವವರಿದ್ದರು. ಒಡೆಯರು ಕೆಮ್ಮಿದರು.

"ಸಾಹೇಬ್ರೇ, ನನ್ನದೊಂದು ತಕರಾರು ಇದೆ. ಅರ್ಜಿ ಬರೆಯುವುದು ಬೇಡ, ಖುದ್ದು ಹೇಳುವ ಹೇಳಿ ಬಂದೆ. ಊರಿನ ಜವಾಬ್ದಾರಿ ನನ್ನ ಮೇಲಿದೆ. ಈಗ ಎಲ್ಲ ಕನ್ನಡದವರೂ ಒಂದೇ ರಾಜ್ಯಕ್ಕೆ ಬಂದಾಯ್ತು. ಮಕ್ಕಳಿಗೆ ಶುದ್ಧ ಕನ್ನಡ ಕಲಿಸುವುದು ಬಿಟ್ಟು ಎಂತೆಂಥದೋ ದೇಶದ ಬಟ್ಟೆ ಹೆಸರು ಬರೆಸ್ತಾ ಇದ್ದಾರೆ. ನೋಡಿ." ಬೋರ್ಡಿನ ಕಡೆ ಬೆರಳು ತೋರಿಸಿದರು. "ಬಟ್ಟೆಯದ್ದೇ ಬೇಕಾದ್ರೆ ಮಡಿ ಹೇಳಿ ಬರೆಸಲಿಕ್ಕೆ ಆಗ್ತಿತ್ತಿಲ್ಲವಾ?"

ಅವರ ಸಿಟ್ಟು ಶಬ್ದದ ಮೇಲಲ್ಲ ಎಂದು ಕೋಣೆಯಲ್ಲಿದ್ದ ಸಣ್ಣ ಮಗುವಿಗೂ ಗೊತ್ತಿತ್ತು. ಪೋಲಕದ ಮೇಲಿನ ಸಿಟ್ಟನ್ನು ಸಾಹೇಬರ ಮುಂದೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಶಾಲಿನಲ್ಲಿ ಸುತ್ತಿ ಹೊಡೆಯುವುದು ಎನ್ನುತ್ತಾರಲ್ಲ, ಅದು. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮಖಮಲ್ಲಿನ ಒಂದೇ ಒಂದು ಉಪಕಾರ ಎಂದರೆ ಬೆವರು ಬೇಗ ಹೊರಗೆ ಕಾಣುವುದಿಲ್ಲ.

"ಮಡಿಯಲ್ಲಿ ಖ ಇಲ್ಲ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. "ಮತ್ತೆ, ಮಖಮಲ್ಲನ್ನು ಮಕ್ಕಳು ಮುಟ್ಟಿ ನೋಡಿ ಕಲೀಬಹುದು. ಮಡಿಯನ್ನು ಮುಟ್ಟಿದರೆ ಅದು ಹೋಗಿಬಿಡ್ತದೆ."

ಇನ್ಸ್‌ಪೆಕ್ಟರು ಕೆಳಗೆ ನೋಡ ಹತ್ತಿದರು. ಒಡೆಯರ ಮುಖ ಕೆಂಪಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ.

"ಶುದ್ಧ ಕನ್ನಡ ಅಂದಿರಿ. ತಕರಾರು ಅರಬ್ಬಿಯದ್ದು. ಅರ್ಜಿಯೂ ಅಲ್ಲಿಯದ್ದೇ. ಖುದ್ದು ಪಾರಸಿಯದ್ದು. ಜವಾಬ್ದಾರಿಯೂ ಆ ಕಡೆಯಿಂದಲೇ ಬಂತು. ಸಾಹೇಬ ಅನ್ನೂದೂ, ನೀವು ಕೂತ ಕುರ್ಚಿಯೂ, ನೀವು ಒಡೆಯರಾಗಿರುವ ಜಮೀನೂ. ನಿಮ್ಮ ತಲೆ ಮೇಲಿರುವ ರುಮಾಲಿಗೆ ಪಾರಸಿಯಲ್ಲಿ ಮುಖ ಒರೆಸುವ ವಸ್ತ್ರ ಅಂತ ಅರ್ಥ. ಮುಖ ಒರೆಸುವುದನ್ನು ನೀವು ತಲೆ ಮೇಲೆ ಹೊತ್ತಿದ್ದೀರಿ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಇವನ್ನೆಲ್ಲ ಕೆಳಗಿಡಿ. ಆಗ ಈ ಶಬ್ದವನ್ನು ನಾನೇ ಅಳಿಸ್ತೇನೆ."

ಒಡೆಯರು ಎದ್ದರು, ಕುರ್ಚಿಯನ್ನು ಒಮ್ಮೆ ನೋಡಿದರು, ಹೊರಟುಹೋದರು. ಇನ್ಸ್‌ಪೆಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತರು. ನಗು ತಡೆಯುತ್ತಿದ್ದರೋ, ಏನು ಹೇಳಬೇಕೆಂದು ಯೋಚಿಸುತ್ತಿದ್ದರೋ.

"ಅಳಸಬ್ಯಾಡ್ರಿ," ಎಂದರು ಕೊನೆಗೆ. "ಖರೇ ಐತಿ ನೀವು ಹೇಳಿದ್ದು. ಆದ್ರ ಅಕ್ಕಾರ, ನಾ ಸಂಜಿ ಬಸ್ಸಿಗೆ ಹೊಂಟು ಹೋಗಾಂವ. ನೀವು ಈ ಊರಾಗ ಇರಬೇಕಲ್ರಿ."

ಅವರು ಹೇಳಿದ್ದರ ಅರ್ಥ ಸಂಜೆಯೊಳಗೆ ಗೊತ್ತಾಯಿತು. ಒಡೆಯರು ಅಪ್ಪನನ್ನು ಕರೆಸಿದ್ದರು. ಅಪ್ಪ ವಾಪಸು ಬಂದು ಹೊಸಿಲ ಮೇಲೆ ಕೂತ. ಬಲು ಮೆತ್ತನೆ ಮನುಷ್ಯ ನನ್ನ ಅಪ್ಪ, ಎತ್ತಿಗೂ ಗಟ್ಟಿಯಾಗಿ ಹೇಳಿದವನಲ್ಲ.

"ನಾಳೆಯಿಂದ ಆ ಪೋಲಕ ಕಾಣಬಾರ್ದಂತೆ," ಎಂದ. "ಕಂಡ್ರೆ ಕೆಳಗಿನ ಗದ್ದೆ ಬಿಡು ಅಂದ್ರು." ಹೆಗಲ ಪಂಜಿಯಿಂದ ಮುಖ ಒರೆಸಿಕೊಂಡು, "ಒಂದು ಬಟ್ಟೆ ಅಲ್ಲನ ಮಗಾ. ಗಂಟು ಕಟ್ಟಿ ಇಟ್ಬಿಡು," ಎಂದ.

ಶಾಲೆಯಲ್ಲಿ ಹುಲಿಯಾಗಿದ್ದವಳು ಮನೆಯಲ್ಲಿ ಬೆಕ್ಕಾದೆ. ಕೆಳಗಿನ ಗದ್ದೆ ಅಂದರೆ ನಮ್ಮ ಅರ್ಧ ವರ್ಷದ ಅನ್ನ. ಶಬ್ದಕ್ಕಾಗಿ ಜಗಳವಾಡುವುದು ಬೇರೆ, ಅಪ್ಪನ ತಟ್ಟೆಯನ್ನು ಪಣಕ್ಕಿಡುವುದು ಬೇರೆ. "ಆಯ್ತು ಅಪ್ಪಾ," ಎಂದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದರೆ ನಾವು ಹೆದರಬೇಕು ಎನ್ನುವುದು ಅಪ್ಪನಿಗೂ ನನಗೂ ಅಷ್ಟು ವರ್ಷದಲ್ಲಿ ತಿಳಿದಿರಬೇಕಿತ್ತು.

ಬೆಳಿಗ್ಗೆ ಮಿಂದು ಬಂದು ನೋಡುತ್ತೇನೆ, ಹಗ್ಗದ ಮೇಲೆ ನನ್ನ ಒಂದು ಪೋಲಕವೂ ಇಲ್ಲ. ಹಿತ್ತಲಿನ ಬಾನಿಯಲ್ಲಿ ಇದ್ದಬದ್ದ ನೂಲಿನ ಪೋಲಕಗಳೆಲ್ಲ ನೀರಿನಲ್ಲಿ ಮುಳುಗಿ ತೇಲುತ್ತಿವೆ.

"ಎಲ್ಲಾ ನೆನೆ ಹಾಕೀನಿ," ಎಂದಳು ಅವ್ವ. "ಇರದು ಅದೊಂದೇಯ."

"ಅವ್ವಾ, ಗದ್ದೆ..."

"ಗದ್ದೆ ಅವ್ರು ಯಾವತ್ತಿದ್ರೂ ಬಿಡಸವ್ರೇಯ. ಇವತ್ತು ಪೋಲಕಕ್ಕೆ ಬಿಡಸ್ತಾರೆ, ನಾಳೆ ಚಪ್ಲಿಗೆ ಬಿಡಸ್ತಾರೆ, ನಾಡಿದ್ದು ಕೆಮ್ಮಿದ್ದಕ್ಕೆ ಬಿಡಸ್ತಾರೆ. ಬಿಡಸದೇ ಆದ್ರೆ ನಾವು ಚಂದಾಗಿದ್ದಾಗ ಬಿಡಸ್ಲಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವನ ಮುಖ ನೋಡಿ, ಹೆಗಲ ಮೇಲಿನ ಪಂಜಿಯಿಂದ ಜಗುಲಿ ಒರೆಸತೊಡಗಿದ. ಜಗುಲಿ ಶುದ್ಧವಾಗಿಯೇ ಇತ್ತು.

ಶಾಲೆಗೆ ಎರಡು ದಾರಿ. ಮೇಲಿನಮನೆಯ ಅಂಗಳದ ಬದಿಯಿಂದ ಹೋಗುವ ಅಗಲ ದಾರಿ, ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲಿನ ಸಣ್ಣ ದಾರಿ. ನಾವು ಒಕ್ಕಲಿನವರು ಯಾವತ್ತೂ ಹಾಳಿಯ ಮೇಲೆಯೇ ಹೋಗುವವರು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಕಾಲಿಗೆ ಗೊತ್ತಿತ್ತು. ಆ ದಿನ ಅವ್ವ ಶಾಲೆಯ ತನಕ ತಾನೂ ಬರುತ್ತೇನೆ ಎಂದು ಹೊರಟು, ಅಗಲ ದಾರಿಗೆ ಹೊರಳಿದಳು. ಮೆಲ್ಲಗೆ ನಡೆದಳು, ಹಬ್ಬಕ್ಕೆ ಹೊರಟವರ ಹಾಗೆ. ನಾನು ಅವಳ ಬೆನ್ನಿಗೆ ಅಡಗಲು ನೋಡಿದರೆ ಕೈ ಹಿಡಿದು ಮುಂದಕ್ಕೆ ಎಳೆದಳು.

ಮೇಲಿನಮನೆಯ ದಣಪೆಯ, ಅಂದರೆ ಅಡ್ಡಗಳುಗಳ ಬೇಲಿಬಾಗಿಲಿನ, ಹತ್ತಿರ ಹಿರಿಯ ಒಡತಿ ಹೂ ಕೊಯ್ಯುತ್ತಿದ್ದರು. ಅವ್ವನ ಕಥೆಯ ಒಡತಿ ಅವರೇ. ಈಗ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದ್ದ ಮುದುಕಿ. ನಮ್ಮನ್ನು ನೋಡಿ ಕೈ ನಿಲ್ಲಿಸಿದರು. ಬೈಗುಳ ಬರುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

"ಚೊಲೋ ಇದ್ದು," ಎಂದರು. "ಎಲ್ಲಿ ತಗಂಡ್ಯೆ ಕೂಸೇ?"

ಅವರು ದಣಪೆಯ ಹತ್ತಿರಕ್ಕೆ ಬಂದರು. "ಆನು ಮದ್ವೆ ಆಗಿ ಬಪ್ಪಕಾದ್ರೆ ಯಂಗೂ ಇಂಥದ್ದೇ ಒಂದು ಇದ್ದಿತ್ತು. ಕಲೆ ಆಗೋತು." ಅವ್ವನ ನೆನಪು ಅವರಿಗೆ ಇತ್ತೋ ಇಲ್ಲವೋ. ಅವರ ಕಣ್ಣು ನನ್ನ ತೋಳಿನ ಮೇಲಿಂದ ಕದಲಲಿಲ್ಲ.

"ಮುಟ್ಟಿ ನೋಡಿ ಅಮ್ಮಾ," ಎಂದಳು ಅವ್ವ. "ನೀರು ನಿಮ್ಮನೇಲೇ ಇದ್ಯಲ."

ಆ ಮಾತಿನಲ್ಲಿ ಕತ್ತಿಯೂ ಇತ್ತು, ಕರುಣೆಯೂ ಇತ್ತು. ಮುದುಕಿ ಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಕೈ ಚಾಚಿ, ನನ್ನ ತೋಳನ್ನು ಮುಂಗೈ ತನಕ ಒಮ್ಮೆ ಸವರಿದರು. ಬೆರಳುಗಳು ಒಣಗಿದ ಕಡ್ಡಿಯ ಹಾಗಿದ್ದವು. ಒಳಗಿಂದ ಒಡೆಯರ ಕೆಮ್ಮು ಕೇಳಿಸಿತು. ಅವರು ಹೂವಿನ ಬುಟ್ಟಿ ಎತ್ತಿಕೊಂಡು, ನಮ್ಮನ್ನು ಕಂಡೇ ಇಲ್ಲ ಎನ್ನುವ ಹಾಗೆ ಹೊರಟುಹೋದರು. ಆಮೇಲೆ ಮಿಂದರೋ ಏನೋ. ಅವ್ವ ಅದನ್ನು ಕಿವಿಗೊಟ್ಟು ಕೇಳಲು ನಿಲ್ಲಲಿಲ್ಲ.

ಇಂಥ ಕಥೆಗಳಲ್ಲಿ ಒಡೆಯರ ಮನಸ್ಸು ಕರಗಬೇಕು ಎಂದು ನಿಮಗೆ ಆಸೆ ಇರಬಹುದು. ಕರಗಲಿಲ್ಲ. ಆ ಮಳೆಗಾಲಕ್ಕೆ ಕೆಳಗಿನ ಗದ್ದೆಯನ್ನು ಬೇರೆಯವರು ಉತ್ತರು. ಕಾಯ್ದೆ ಇದೆ, ತಕರಾರು ಮಾಡಿ ಎಂದು ಯಾರೋ ಹೇಳಿದರು. ಕಾಯ್ದೆ ಸಿದ್ದಾಪುರದಲ್ಲಿತ್ತು, ಒಡೆಯರು ನಮ್ಮ ತಲೆಯ ಮೇಲೆಯೇ ಇದ್ದರು. ಅಪ್ಪ ಕೂಲಿಗೆ ಹೋದ. ನಮ್ಮ ಮನೆಯಲ್ಲಿ ಅನ್ನಕ್ಕಿಂತ ಗಂಜಿ ಹೆಚ್ಚಾಯಿತು. ಅಪ್ಪ ಒಂದು ದಿನವೂ ನನ್ನನ್ನು ದೂರಲಿಲ್ಲ. ಗಂಜಿ ಉಣ್ಣುತ್ತ, "ನಿನ್ನವ್ವ ಅದ್ನೂ ನೆನೆ ಹಾಕಿದ್ರೆ ಆಗ್ತಿತ್ತು," ಎಂದು ಒಮ್ಮೆ ಅಂದ. ಅಂದು, ತಾನೇ ನಕ್ಕ. ಅವ್ವನೂ ನಕ್ಕಳು.

ದೀಪಾವಳಿ ಕಳೆಯುತ್ತಿದ್ದಂತೆ ನನಗೆ ವರ್ಗದ ಆರ್ಡರು ಬಂತು. ಯಾರು ಯಾರಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಯಲ್ಲಾಪುರ ತಾಲೂಕು, ವಜ್ರಳ್ಳಿಯಿಂದಲೂ ಒಳಗೆ, ಬಸ್ಸಿಳಿದು ಅರ್ಧ ದಿನ ನಡೆಯಬೇಕಾದ ಊರು. ಹೊರಡುವ ದಿನ ಟ್ರಂಕು ಹೊತ್ತ ಅಪ್ಪ ಹಾಳಿಯ ಮೇಲೆ ಕಾಲಿಡುವುದರೊಳಗೆ ಅವ್ವ, "ಅತ್ಲಾಗಲ್ಲ," ಎಂದಳು. ಅಪ್ಪ ಮಾತಾಡದೆ ಅಗಲ ದಾರಿಗೆ ಹೊರಳಿದ. ಮೇಲಿನಮನೆಯ ಮುಂದೆ ಬಂದಾಗ ಅಟ್ಟದ ಕಿಟಕಿಯಿಂದ ಒಂದು ಸಣ್ಣ ದನಿ, ಊರಿಗೆಲ್ಲ ಕೇಳುವ ಹಾಗೆ, "ಅಕ್ಕೋರೇ!" ಎಂದು ಕೂಗಿತು. ಅದರ ಬೆನ್ನಿಗೇ ಯಾರೋ ಗದರಿದರು. ಮತ್ತೊಮ್ಮೆ ಕೂಗಿತು, "ಅಕ್ಕೋರೇ!"

ಆ ಒಳಗಿನ ಊರಿನಲ್ಲಿ ನಾನು ಬಹಳ ವರ್ಷ ಇದ್ದೆ. ಅಲ್ಲಿಯ ಮಕ್ಕಳೂ ಖ ಕಲಿತರು, ಅದೇ ಪೋಲಕದ ಮೇಲೆ. ಮೊಣಕೈ ಹತ್ತಿರ ರೋಮ ಉದುರಿ ಬೋಳಾಗಿ, ಕೊನೆಗೆ ಅದು ಯಾವ ಬಟ್ಟೆ ಎಂದು ಹೇಳಿಯೇ ತಿಳಿಸಬೇಕಾಗುತ್ತಿತ್ತು. ಅಪ್ಪ, ಅವ್ವನನ್ನೂ ಅಲ್ಲಿಗೇ ಕರೆಸಿಕೊಂಡೆ. ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಯಲ್ಲಾಪುರದಿಂದ ಒಂದು ಮಖಮಲ್ಲಿನ ತುಂಡು ತಂದು, ಅವ್ವನಿಗೆ ಪೋಲಕ ಹೊಲಿಸಿದೆ. ಅವಳು ಕೆನ್ನೆಗೆ ಹಚ್ಚಿಕೊಂಡಳು, ಮಡಚಿ ನನ್ನ ಕೈಗೇ ಕೊಟ್ಟಳು.

"ನಂಗೆ ಬ್ಯಾಡ. ಸೆಕೆ."

"ಅಷ್ಟು ಆಸೆಪಟ್ಟಿದ್ದೆಯಲ್ಲೇ!"

"ಹಾಕ್ಕಳಕೆ ಆಸೆ ಅಂತ ನಿಂಗ್ಯಾರು ಹೇಳಿದ್ರು?" ಎಂದಳು ಅವ್ವ. "ಬೈಸ್ಕಳದೆ ಮುಟ್ಟೂಕೆ ಆಸೆ ಇತ್ತು."

ಈ ಬರಹವನ್ನು ನಿನ್ನೆ ನನ್ನ ಮಗನಿಗೆ ಓದಲು ಕೊಟ್ಟೆ. ಅವನಿಗೆ ಸಿದ್ದಾಪುರದಲ್ಲಿ ನೌಕರಿ, ನಾಲ್ಕು ಜನರ ಜೊತೆ ಬೆರೆತು ಬಾಳುವವನು. ಓದಿ ಮುಗಿಸಿ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿಟ್ಟ. "ಅವ್ವಾ, ಶಬ್ದದ ವಿಷಯ ಚಲೋ ಬಂದದೆ," ಎಂದ. "ಅದಷ್ಟೇ ಇಡು. ಮೇಲಿನಮನೆಯದ್ದು ತೆಗೆದುಬಿಡು. ಈಗ ಅವ್ರ ಮನೆಯವ್ರೂ ನಾವೂ ಒಂದೇ ಪಂಕ್ತೀಲಿ ಕೂತು ಉಣ್ತೀವಿ. ಹಳೇದನ್ನ ಯಾಕೆ ಕೆದಕೂದು?"

ಅವನು ಹೇಳಿದ್ದರಲ್ಲಿ ಪ್ರೀತಿ ಇದೆ, ನನಗೆ ಗೊತ್ತು. ನಿನ್ನೆ ಮೊನ್ನೆಯವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ, ಒಂದು ಶಬ್ದದ ಹುಟ್ಟಿನ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದೇನೆ ಎಂದು. ಪೆನ್ನು ಹಿಡಿದು ಕೂತೆ, ಎಲ್ಲೆಲ್ಲಿ ಹೊಡೆದು ಹಾಕಲಿ ಎಂದು ನೋಡಿದೆ. ಅವನು ಹೇಳಿದ್ದನ್ನೆಲ್ಲ ತೆಗೆದರೆ ಉಳಿಯುವುದು ಅರಬ್ಬಿ, ಪಾರಸಿ, ಲ್ಯಾಟಿನ್. ಅವು ನಿಘಂಟಿನಲ್ಲಿ ಕ್ಷೇಮವಾಗಿವೆ, ನಾನು ಬರೆಯದಿದ್ದರೂ ನಡೆಯುತ್ತದೆ. ನಾನು ಬರೆಯದಿದ್ದರೆ ಎಲ್ಲಿಯೂ ಇಲ್ಲದವಳು ಒಬ್ಬಳೇ, ನನ್ನ ಅವ್ವ.

ಪೆನ್ನು ಮುಚ್ಚಿಟ್ಟು ಮಗನನ್ನು ಕರೆದೆ.

"ಒಂದಕ್ಷರ ತೆಗೆಯೂದಿಲ್ಲ," ಎಂದೆ. "ಅವ್ರ ಹೆಸರು ಬರೆದಿಲ್ಲ, ಅಷ್ಟು ನನ್ನ ಮರ್ಯಾದೆ. ಒಂದೇ ಪಂಕ್ತೀಲಿ ಕೂತು ಉಂಬವರು ಇದನ್ನೂ ಒಟ್ಟಿಗೇ ಕೂತು ಓದ್ಲಿ."